ಪಿಕಪ್‌ಗೆ ಪಿಕಪ್ ಇಲ್ಲ: ಏರಿನಲ್ಲಿ ಏದುಸಿರು ಬಿಡುವ ಹಳೇ ಡೀಸೆಲ್ ಗಾಡಿಯ ದೋಷ ಹಿಡಿಯುವುದು

ನಮ್ಮ ತೋಟದ ಪಿಕಪ್‌ಗೆ ಈಗ 17 ವರ್ಷ. ಕೆಎ 18, ಅಂದರೆ ಚಿಕ್ಕಮಗಳೂರು ನೋಂದಣಿಯ ಗಾಡಿ. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ಟರ್ಬೊ ಇದೆ, ಕಂಪ್ಯೂಟರ್ ಇಲ್ಲ. ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕೊಡುವ ಇಂಜೆಕ್ಷನ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಹಾಗಾಗಿ ಸ್ಕ್ಯಾನರ್ ಚುಚ್ಚಿ ದೋಷದ ಕೋಡ್ ಓದುವ ಭಾಗ್ಯ ನಮಗಿಲ್ಲ. ಕಿವಿ, ಕಣ್ಣು, ಮೂಗು, ಜೊತೆಗೆ ಒಂದು ನೋಟ್‌ಬುಕ್, ಇಷ್ಟೇ ನಮ್ಮ ಸ್ಕ್ಯಾನರ್.

ದೋಷ ಶುರುವಾದದ್ದು ಮಳೆ ನಿಂತ ಮೇಲೆ. ಚಿಕ್ಕಮಗಳೂರಿನಿಂದ ಸುಣ್ಣ, ಗೊಬ್ಬರ ತುಂಬಿಕೊಂಡು ಅತ್ತಿಗುಂಡಿ ಕಡೆ ಬೆಟ್ಟ ಹತ್ತಬೇಕು. ದಾರಿಯಲ್ಲಿ ಸಿಗುವ ಕೈಮರದ ತನಕ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಅಲ್ಲಿಂದ ಮೇಲೆ ಹತ್ತು ಹದಿನೈದು ನಿಮಿಷ ಏರಿದ ಮೇಲೆ ಆಕ್ಸಿಲರೇಟರ್ ಎಷ್ಟು ತುಳಿದರೂ ಇಂಜಿನ್ ಕೇಳುತ್ತಿರಲಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಕೊನೆಗೆ ಮೆಲ್ಲಗೆ ಮುದುರಿಕೊಂಡು ಆಫ್. ಚಕ್ರಕ್ಕೆ ಕಲ್ಲು ಕೊಟ್ಟು ಹತ್ತು ನಿಮಿಷ ನಿಂತರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್! ಶನಿವಾರ, ಭಾನುವಾರ ಆ ರಸ್ತೆಯಲ್ಲಿ ಹೀಗೆ ನಿಂತು ನೋಡಿ. ಬೆಟ್ಟ ನೋಡಲು ಬಂದವರ ಹಾರ್ನ್ ಕೇಳುವಾಗ ಗಾಡಿಯನ್ನು ಅಲ್ಲೇ ಪ್ರಪಾತಕ್ಕೆ ತಳ್ಳೋಣ ಅನಿಸುತ್ತದೆ.

ಮೊದಲು ಹೋದ ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದರು. ಎರಡು ದಿನ ಸರಿ ಇತ್ತು. ಮತ್ತೆ ಹೋದೆ. ಟ್ಯಾಂಕಿನ ಪೈಪಿಗೆ ಕಂಪ್ರೆಸರ್ ಗಾಳಿ ಹೊಡೆದರು. ಒಂದು ವಾರ ಸರಿ ಇತ್ತು. ಮೂರನೇ ಸಲ ಹೋದಾಗ, "ಪಂಪ್ ಹೋಗಿದೆ, ಬಿಚ್ಚಿ ಕ್ಯಾಲಿಬ್ರೇಶನ್ ಮಾಡಿಸಬೇಕು" ಎಂದು 22,000 ರೂಪಾಯಿಯ ಲೆಕ್ಕ ಕೊಟ್ಟರು. ನಾನು ಒಪ್ಪಿಕೊಂಡೂ ಬಿಟ್ಟಿದ್ದೆ. ಕೈಮರದ ಹತ್ತಿರ ಚಹಾ ಕುಡಿಯುವಾಗ ಒಬ್ಬ ಹಳೇ ಲಾರಿ ಡ್ರೈವರ್ ಸಿಗದಿದ್ದರೆ ಆ ದುಡ್ಡು ಹೋಗುತ್ತಿತ್ತು.

"ತಮ್ಮಾ, ನಿಲ್ಲೋ ಮುಂಚೆ ಹೊಗೆ ಯಾವ ಬಣ್ಣ ಬರುತ್ತೆ?"

"ಹೊಗೆನೇ ಬರಲ್ಲ ಅಣ್ಣಾ."

"ಹಂಗಾದ್ರೆ ಅದಕ್ಕೆ ಊಟ ಸಿಗ್ತಿಲ್ಲ. ಅಡುಗೆಮನೆ ನೋಡೋದು ಬಿಟ್ಟು ಹೊಟ್ಟೆ ಕೊಯ್ಯಕ್ಕೆ ಹೊರಟಿದೀಯಲ್ಲ."

ಅವರು ಹೇಳಿದ್ದು ಇಷ್ಟೇ. ಮುಂದಿನದ್ದೆಲ್ಲ ನಾವೇ ಹುಡುಕಿಕೊಂಡದ್ದು. ಕಂಪ್ಯೂಟರ್ ಇಲ್ಲದ ಯಾವ ಹಳೇ ಡೀಸೆಲ್ ಪಿಕಪ್ಪಿಗಾದರೂ ಇದು ಹೊಂದುತ್ತದೆ. ಕಂಪ್ಯೂಟರ್ ನಡೆಸುವ ಹೊಸ ಕಾಮನ್ ರೈಲ್ ಗಾಡಿಗಳ ಲೆಕ್ಕವೇ ಬೇರೆ. ಅವುಗಳ ಡೀಸೆಲ್ ಪೈಪ್ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಜಿನ್ ಓಡುವಾಗ ಅಲ್ಲಿ ಕೈ ಹಾಕಿದರೆ ಡೀಸೆಲ್ ಚರ್ಮದೊಳಗೇ ನುಗ್ಗಬಹುದು. ಅದನ್ನು ಮನೆಯಲ್ಲಿ ಮುಟ್ಟಬೇಡಿ.

ಹೊಗೆ ಏನು ಹೇಳುತ್ತದೆ

ಏರಿನಲ್ಲಿ ಒಬ್ಬರನ್ನು ಹಿಂದೆ ಬೈಕಿನಲ್ಲಿ ಬರಲು ಹೇಳಿ. ಡ್ರೈವರ್ ಸೀಟಿನಿಂದ ಹೊಗೆ ಸರಿಯಾಗಿ ಕಾಣುವುದಿಲ್ಲ.

ಶಕ್ತಿ ಕಡಿಮೆಯಾಗಿ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಸಾಕಷ್ಟು ಹೋಗುತ್ತಿದೆ, ಅದನ್ನು ಸುಡಲು ಗಾಳಿ ಸಾಲುತ್ತಿಲ್ಲ ಎಂದರ್ಥ. ಏರ್ ಫಿಲ್ಟರ್, ಟರ್ಬೊ ಹೋಸ್, ಅದರ ಕ್ಲಿಪ್ಪು ನೋಡಬೇಕು. ಹೋಸ್ ಬಿರುಕು ಬಿಟ್ಟಿದ್ದರೆ ಎಳೆಯುವಾಗ ಶಿಳ್ಳೆಯಂಥ ಸದ್ದು ಕೇಳುತ್ತದೆ. ನಾಝಲ್ ಸಿಲಿಂಡರಿನೊಳಗೆ ಡೀಸೆಲ್ಲನ್ನು ಸರಿಯಾಗಿ ಸಿಂಪಡಿಸದಿದ್ದರೂ ಕಪ್ಪು ಹೊಗೆಯೇ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಅರ್ಧ ಸುಟ್ಟ ಡೀಸೆಲ್ಲಿನದ್ದು. ಡೀಸೆಲ್ಲಿಗೆ ಗಾಳಿ ಸೇರಿ ಇಂಜಿನ್ ತಡಬಡಿಸುವಾಗಲೂ ಇದು ಕಾಣುತ್ತದೆ. ಬಿಳಿ ಹೊಗೆ ನಿಲ್ಲದೆ ಬರುತ್ತಾ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಕತೆ, ಬೇರೆಯದು.

ಹೊಗೆಯೇ ಇಲ್ಲದೆ ಇಂಜಿನ್ ಸೋತರೆ? ಸುಡಲು ಡೀಸೆಲ್ಲೇ ಇಲ್ಲ. ನಮ್ಮದು ಇದು.

ಇಲ್ಲಿ ಒಂದು ವಾದ ಎಲ್ಲರೂ ಹೇಳುತ್ತಾರೆ: "ಮೇಲೆ ಹೋದಂತೆ ಗಾಳಿ ತೆಳು, ಹಳೇ ಗಾಡಿ ತಡೆಯಲ್ಲ." ಗಾಳಿ ತೆಳುವಾಗುವುದು ನಿಜ. ಸಾವಿರ ಮೀಟರ್ ಹತ್ತಿದರೆ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಆದರೆ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿಗಿಂತ ಮೇಲಿದೆ. ಮುಳ್ಳಯ್ಯನಗಿರಿಯ ತುದಿಯೂ 1,930 ಮೀಟರ್ ಅಷ್ಟೇ. ಪೇಟೆಯಿಂದ ನಮ್ಮ ತೋಟಕ್ಕೆ ಹೋಗುವಷ್ಟರಲ್ಲಿ ಕಮ್ಮಿಯಾಗುವ ಗಾಳಿಗೆ ಗಾಡಿ ನಿಲ್ಲುವುದಿಲ್ಲ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಬರಬೇಕಿತ್ತು. ಅದಕ್ಕಿಂತ ಮುಖ್ಯ, ಅದೇ ಜಾಗದಲ್ಲಿ ಹತ್ತು ನಿಮಿಷ ನಿಂತರೆ ಗಾಳಿ ದಪ್ಪ ಆಗುತ್ತದೆಯಾ? ಇಲ್ಲ ಅಲ್ವಾ. ನಿಂತು ಸುಧಾರಿಸಿಕೊಳ್ಳುವ ದೋಷಕ್ಕೆ ನಿಂತಾಗ ಬದಲಾಗುವ ಕಾರಣವೇ ಇರಬೇಕು.

ದುಡ್ಡು ಕೇಳದ ಪರೀಕ್ಷೆಗಳು

ಡೀಸೆಲ್ ಲೈನಿಗೆ ಕೈ ಹಾಕುವ ಮುಂಚೆ ಎರಡು ಮೂರು ಅನುಮಾನ ತೀರಿಸಿಕೊಳ್ಳಿ.

ಬ್ರೇಕ್ ಹಿಡಿದುಕೊಂಡಿದೆಯಾ? ಬ್ರೇಕ್ ಒತ್ತದೆ ಸ್ವಲ್ಪ ದೂರ ಏರಿ, ನಿಲ್ಲಿಸಿ, ನಾಲ್ಕೂ ಚಕ್ರದ ಹಬ್ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಕಾದ ಹೆಂಚಿನ ಹಾಗಿದ್ದರೆ ಸಿಕ್ಕಿತು. ಕ್ಲಚ್ ಜಾರುತ್ತಿದ್ದರೆ ಇಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ನಮ್ಮದರಲ್ಲಿ ಸದ್ದೇ ಇಳಿಯುತ್ತಿತ್ತು, ಹಾಗಾಗಿ ಕ್ಲಚ್ ಅಲ್ಲ. ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಮಾಡಲು ಪಂಪಿನ ಮೇಲೆ ಸೊಲೆನಾಯ್ಡ್ ಇರುತ್ತದೆ. ಅದರ ವೈರ್ ಸಡಿಲವಾದರೂ ಇಂಜಿನ್ ನಿಲ್ಲುತ್ತದೆ, ಆದರೆ ಸ್ವಿಚ್ ಆರಿಸಿದ ಹಾಗೆ ಟಕ್ ಎಂದು. ಮೆಲ್ಲಗೆ ಸಾಯುವುದು ಕರೆಂಟಿನ ಗುಣ ಅಲ್ಲ.

ಆಮೇಲೆ ಟ್ಯಾಂಕ್ ಮುಚ್ಚಳ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಗಾಳಿ ಬರುವ ದಾರಿ ಮುಚ್ಚಿದ್ದರೆ ಟ್ಯಾಂಕ್ ಒಳಗೆ ಎಳೆತ ಹುಟ್ಟಿ ಪಂಪಿಗೆ ಡೀಸೆಲ್ ಹೋಗುವುದಿಲ್ಲ. ಬಾಟಲಿಯನ್ನು ಬಾಯಲ್ಲೇ ಇಟ್ಟುಕೊಂಡು ಹೀರಿದರೆ ನೀರು ನಿಲ್ಲುತ್ತದಲ್ಲ, ಹಾಗೆ. ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆಯಿರಿ. ಉಶ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಕೆಲಸ ಮುಗಿಯಿತು, ಹೊಸ ಮುಚ್ಚಳ ಸಾಕು. ನಮ್ಮದು ಏನೂ ಸದ್ದು ಮಾಡಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು, ಇಷ್ಟಕ್ಕೇ ಮುಗಿಯುತ್ತದೆ ಎಂದು ಆಸೆ ಇತ್ತು.

ಕ್ಯಾನ್ ಪರೀಕ್ಷೆ

ಡೀಸೆಲ್ ದಾರಿಯನ್ನು ಎರಡು ಭಾಗ ಮಾಡಿ ನೋಡಬೇಕು. ಟ್ಯಾಂಕಿನಿಂದ ಫೀಡ್ ಪಂಪ್ (ಡೀಸೆಲ್ಲನ್ನು ಟ್ಯಾಂಕಿನಿಂದ ಎಳೆದು ಮುಂದಕ್ಕೆ ದೂಡುವ ಚಿಕ್ಕ ಪಂಪ್) ತನಕ ಒಂದು. ಅಲ್ಲಿಂದ ಫಿಲ್ಟರ್, ಇಂಜೆಕ್ಷನ್ ಪಂಪ್, ನಾಝಲ್ ಇನ್ನೊಂದು. ಮೊದಲ ಭಾಗದಲ್ಲಿ ಪಂಪ್ ಡೀಸೆಲ್ಲನ್ನು ಎಳೆಯುತ್ತದೆ, ಎರಡನೆಯದರಲ್ಲಿ ದೂಡುತ್ತದೆ. ಈ ಎಳೆಯುವುದು ಮತ್ತು ದೂಡುವುದರ ವ್ಯತ್ಯಾಸ ತಲೆಯಲ್ಲಿ ಕೂತರೆ ಅರ್ಧ ದೋಷ ಸಿಕ್ಕಿದ ಹಾಗೆ. ದೂಡುವ ಕಡೆ ಸಡಿಲ ಇದ್ದರೆ ಡೀಸೆಲ್ ಹೊರಗೆ ಒಸರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಸಡಿಲ ಇದ್ದರೆ ಓಡುವಾಗ ಏನೂ ಒಸರುವುದಿಲ್ಲ. ಗಾಳಿ ಒಳಗೆ ನುಗ್ಗುತ್ತದೆ. ಹೊರಗಿಂದ ಎಲ್ಲ ಒಣಗಿ ಚೊಕ್ಕಟವಾಗಿಯೇ ಕಾಣುತ್ತದೆ.

ನಾವು ಹೀಗೆ ಮಾಡಿದೆವು. 10 ಲೀಟರಿನ ಕ್ಯಾನಿಗೆ ಹೊಸ ಡೀಸೆಲ್ ಹಾಕಿ, ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಫೀಡ್ ಪಂಪಿಗೆ ಕ್ಯಾನಿನಿಂದ ಹೊಸ ಹೋಸ್ ಕೊಟ್ಟೆವು. ಉಳಿದ ಡೀಸೆಲ್ಲನ್ನು ವಾಪಸ್ ತರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ತಿರುಗಿಸಿದೆವು. ಅದನ್ನು ಟ್ಯಾಂಕಿಗೇ ಬಿಟ್ಟರೆ ಕ್ಯಾನ್ ಬೇಗ ಬರಿದಾಗುತ್ತದೆ. ಕ್ಯಾನನ್ನು ಕ್ಯಾಬಿನ್ ಒಳಗೆ ಇಡಬೇಡಿ, ಸೈಲೆನ್ಸರ್ ಹತ್ತಿರವಂತೂ ಬೇಡವೇ ಬೇಡ. ಮೊದಲು ನಾವು ಹಿಂದಿನ ಬಾಡಿಯಲ್ಲಿ ಮೂಲೆಗೆ ಬಿಗಿಯಾಗಿ ಕಟ್ಟಿದೆವು.

ಇಲ್ಲೊಂದು ಮೋಸ ಇದೆ. ಕ್ಯಾನ್ ಪಂಪಿಗಿಂತ ಎತ್ತರದಲ್ಲಿದ್ದರೆ ಡೀಸೆಲ್ ತಾನಾಗಿಯೇ ಇಳಿದು ಬರುತ್ತದೆ. ಸುಸ್ತಾದ ಫೀಡ್ ಪಂಪ್ ಕೂಡ ಆಗ ಗಟ್ಟಿಮುಟ್ಟಾಗಿ ಕಾಣುತ್ತದೆ. ಮೊದಲ ಸಲ ನಾವು ಮಾಡಿದ್ದು ಇದೇ ತಪ್ಪು. ಆಮೇಲೆ ಗಾಡಿಯ ಪಕ್ಕದಲ್ಲಿ ಟ್ಯಾಂಕಿನ ಮಟ್ಟಕ್ಕೇ ಪಟ್ಟಿ ಬಿಗಿದು ಕ್ಯಾನ್ ಕೂರಿಸಿದೆವು. ನೋಡಲು ಚೆಂದ ಇರಲಿಲ್ಲ. ಆದರೆ ಅಷ್ಟೇ ಸುಣ್ಣದ ಚೀಲ ಹೇರಿಕೊಂಡು, ಅದೇ ಏರನ್ನು ಮೂರನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿತು.

ಅಂದರೆ ಫೀಡ್ ಪಂಪ್ ಸರಿ, ಫಿಲ್ಟರ್ ಸರಿ, 22,000 ರೂಪಾಯಿಯ ಇಂಜೆಕ್ಷನ್ ಪಂಪ್ ಸರಿ, ನಾಝಲ್ ಸರಿ. ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಎರಡು ಮೂರು ಮೀಟರಿನಲ್ಲಿದೆ.

ಟ್ಯಾಂಕ್ ಇಳಿಸಿದಾಗ ಕಂಡದ್ದು

ಗ್ಯಾರೇಜಿನವರು ಗಾಳಿ ಹೊಡೆದಾಗ ಒಂದು ವಾರ ಸರಿಹೋಗಿತ್ತಲ್ಲ, ಆಗಲೇ ನಮಗೆ ಗೊತ್ತಾಗಬೇಕಿತ್ತು. ಗಾಳಿ ಹೊಡೆದರೆ ಕಸ ಎಲ್ಲಿಗೆ ಹೋಗುತ್ತದೆ? ಟ್ಯಾಂಕಿಗೇ. ಅಲ್ಲಿಂದ ಮೆಲ್ಲಗೆ ಮತ್ತೆ ಪೈಪಿನ ಬಾಯಿಗೆ ಬಂದು ಕೂರುತ್ತದೆ. ಗಾಳಿ ಹೊಡೆಯುವುದನ್ನು ದೋಷ ಹಿಡಿಯಲು ಬಳಸಿ, ರಿಪೇರಿ ಎಂದುಕೊಳ್ಳಬೇಡಿ.

ಟ್ಯಾಂಕ್ ಇಳಿಸಿ, ಡೀಸೆಲ್ ಎಳೆಯುವ ಪೈಪ್ ಹೊರತೆಗೆದೆವು. ಅದರ ತುದಿಯ ಜಾಲರಿಗೆ ಕಂದು ಬಣ್ಣದ ಲೋಳೆ ಮೆತ್ತಿಕೊಂಡಿತ್ತು, ಜೊತೆಗೆ ತುಕ್ಕಿನ ಪುಡಿ. ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ನೋಡಿದರೆ ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್, ನಡುವೆ ಲೋಳೆಯ ಪರದೆ.

ನೀರು ಎಲ್ಲಿಂದ ಬಂತು? ಬಂಕಿನವರನ್ನು ಬೈಯುವ ಮುಂಚೆ ನಮ್ಮ ಶೆಡ್ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಪಿಕಪ್‌ಗೆ ಕೆಲಸ ಕಮ್ಮಿ. ಕಾಲು ಟ್ಯಾಂಕ್ ಡೀಸೆಲ್ ಇಟ್ಟುಕೊಂಡು ಸುಮ್ನೆ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದ ಗಾಳಿ ಹೇಗಿರುತ್ತದೆ ಗೊತ್ತಲ್ಲ, ಒಣಗಲು ಹಾಕಿದ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಆ ಗಾಳಿ ಟ್ಯಾಂಕಿನ ಖಾಲಿ ಜಾಗದಲ್ಲಿ ಕೂತು, ರಾತ್ರಿ ತಣ್ಣಗಾದಾಗ ಗೋಡೆಗೆ ಹನಿ ಕಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಈಗ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಕಂಠಮಟ್ಟ ತುಂಬಿಸಿ ನಿಲ್ಲಿಸುತ್ತೇವೆ. ಖಾಲಿ ಜಾಗ ಇಲ್ಲದಿದ್ದರೆ ಹನಿಗೂ ಜಾಗ ಇಲ್ಲ.

ನಿಂತಾಗ ಸುಧಾರಿಸಿಕೊಳ್ಳುವ ಗುಟ್ಟೂ ಇಲ್ಲೇ ಇತ್ತು. ಸಮತಟ್ಟು ರಸ್ತೆಯಲ್ಲಿ ಇಂಜಿನ್ ಕೇಳುವ ಡೀಸೆಲ್ ಕಮ್ಮಿ, ಕಟ್ಟಿದ ಜಾಲರಿಯಿಂದಲೂ ಅಷ್ಟು ಬರುತ್ತದೆ. ಏರಿನಲ್ಲಿ ಭಾರ ಎಳೆಯುವಾಗ ಜಾಸ್ತಿ ಬೇಕು. ಎಳೆತ ಹೆಚ್ಚಿದಷ್ಟೂ ಲೋಳೆ ಜಾಲರಿಗೆ ಅಂಟುತ್ತದೆ. ಇಂಜಿನ್ ಆಫ್ ಆದರೆ ಎಳೆತ ನಿಂತು ಲೋಳೆ ಕಳಚಿ ಬೀಳುತ್ತದೆ.

ಟ್ಯಾಂಕನ್ನು ಡೀಸೆಲ್ಲಿನಿಂದಲೇ ಮೂರು ಸಲ ಅಲ್ಲಾಡಿಸಿ ತೊಳೆದು, ಬಿಸಿಲಿಗೆ ಒಣಗಿಸಿದೆವು. ಟ್ಯಾಂಕಿನಲ್ಲಿ ತೂತಿದ್ದರೆ ಸುಮ್ನೆ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಖಾಲಿ ಡೀಸೆಲ್ ಟ್ಯಾಂಕ್ ಬೆಂಕಿ ಮುಟ್ಟಿದರೆ ಸಿಡಿಯುತ್ತದೆ, ತುಂಬಿದ ಟ್ಯಾಂಕಿಗಿಂತ ಖಾಲಿಯದೇ ಅಪಾಯ. ಅದನ್ನೇ ಮಾಡುವವರ ಹತ್ತಿರ ಕೊಡಿ, ಇಲ್ಲವೇ ಬೇರೆ ಟ್ಯಾಂಕ್ ಹಾಕಿ.

ಒಂಬತ್ತನೇ ದಿನ ಮತ್ತೆ ನಿಂತಿತು

ಇದನ್ನು ಬರೆಯಲು ಕೂತದ್ದೇ ಈ ಭಾಗಕ್ಕಾಗಿ.

ಎಂಟು ದಿನ ಚೆನ್ನಾಗಿ ಓಡಿದ ಗಾಡಿ ಅದೇ ಏರಿನಲ್ಲಿ ಮತ್ತೆ ನಿಂತಿತು. ಡ್ರೈವರ್ ಫೋನ್ ಮಾಡಿ, "ಅಣ್ಣಾ, ಮತ್ತೆ ಅದೇ ಕತೆ" ಅಂದ. ಆದರೆ ಹೋಗಿ ನೋಡಿದರೆ ಅದೇ ಕತೆ ಆಗಿರಲಿಲ್ಲ. ಈ ಸಲ ಇಂಜಿನ್ ಮೆಲ್ಲಗೆ ಸೋಲಲಿಲ್ಲ. ಏರಿಳಿದು, ತಡಬಡಿಸಿ, ಸ್ವಲ್ಪ ಬಿಳಿ ಹೊಗೆ ಬಿಟ್ಟು ನಿಂತಿತ್ತು. ಹತ್ತು ನಿಮಿಷ ಕಾದರೂ ಸ್ಟಾರ್ಟ್ ಆಗಲಿಲ್ಲ. ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ದೂಡುವ ಗುಂಡಿ) ಒತ್ತಿ ಪೈಪಿನೊಳಗಿನ ಏರ್ ತೆಗೆದ ಮೇಲೆಯೇ ಎದ್ದದ್ದು. ಹೊಟ್ಟೆಗೆ ಊಟದ ಬದಲು ಗಾಳಿ ಹೋಗಿತ್ತು.

ಫೀಡ್ ಪಂಪಿಗೆ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಹೋಸ್ ಸೇರಿಸಿದೆವು. ಅಂಗಡಿಯಲ್ಲಿ ಡೀಸೆಲ್ ತಡೆಯುವಂಥದ್ದೇ ಕೇಳಿ. ನೀರಿನ ಪೈಪ್ ಹಾಕಿದರೆ ಕೆಲವೇ ದಿನದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಕ್ಲಿಪ್ಪು ಬಿಗಿದು, ಟ್ಯಾಂಕ್ ತುಂಬಿಸಿ ಹೊರಟೆವು. ಗುಳ್ಳೆಯೇ ಇಲ್ಲ! ಎರಡು ದಿನ ಗುಳ್ಳೆ ಇಲ್ಲ. ಮೂರನೇ ದಿನ ಗುಳ್ಳೆಗಳ ಸಾಲು.

ಆಗ ನೋಟ್‌ಬುಕ್ ತೆರೆದೆ. ಗಾಡಿ ನಿಂತಾಗಲೆಲ್ಲ ದಿನಾಂಕ, ಜಾಗ, ಭಾರ, ಡೀಸೆಲ್ ಮುಳ್ಳು ಎಲ್ಲಿತ್ತು ಎಂದು ಡ್ರೈವರ್ ಹತ್ತಿರ ಬರೆಸುತ್ತಿದ್ದೆ. ಅವನು ಗೊಣಗಿಕೊಂಡೇ ಬರೆಯುತ್ತಿದ್ದ. ತೊಳೆದ ಮೇಲೆ ತೊಂದರೆ ಕೊಟ್ಟದ್ದು ಎರಡೇ ಸಲ. ಎರಡೂ ಸಲ ಮುಳ್ಳು ಅರ್ಧಕ್ಕಿಂತ ಕೆಳಗೆ. ಟ್ಯಾಂಕ್ ತುಂಬಿದ್ದಾಗ ಒಂದು ಸಲವೂ ಇಲ್ಲ. ನಾನು ಮಾತ್ರ ಪ್ರತಿ ಪರೀಕ್ಷೆಗೂ ಮುಂಚೆ ಟ್ಯಾಂಕ್ ತುಂಬಿಸಿ, ದೋಷವನ್ನು ನಾನೇ ಮುಚ್ಚಿಡುತ್ತಿದ್ದೆ.

ಮತ್ತೆ ಟ್ಯಾಂಕಿನ ಪೈಪ್ ತೆಗೆದೆವು. ತೊಳೆಯುವಾಗ ಜಾಲರಿ ಮಾತ್ರ ನೋಡಿದ್ದೆವು, ಪೈಪನ್ನೇ ನೋಡಿರಲಿಲ್ಲ. ಈ ಸಲ ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ ಮಾಡಿದೆವು. ಪೈಪಿನ ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲಿನಿಂದ ಊದಿದೆವು. ಪೈಪಿನ ನಡುವಿನಲ್ಲಿ, ಬ್ರಾಕೆಟ್ ಬೆಸುಗೆ ಹಾಕಿದ ಜಾಗದಲ್ಲಿ, ಸೂಜಿಮೊನೆಯಷ್ಟು ತೂತು. ತುಕ್ಕು ತಿಂದಿತ್ತು. ಡೀಸೆಲ್ ಆ ತೂತಿಗಿಂತ ಮೇಲಿದ್ದಾಗ ತೂತಿನಿಂದಲೂ ಡೀಸೆಲ್ಲೇ ಹೋಗುತ್ತದೆ, ತೊಂದರೆ ಇಲ್ಲ. ಅದಕ್ಕಿಂತ ಕೆಳಗಿಳಿದರೆ ಗಾಳಿ ಎಳೆಯುತ್ತದೆ. ಏರಿನಲ್ಲಿ ಗಾಡಿ ಮೂತಿ ಮೇಲೆತ್ತಿದಾಗ ಡೀಸೆಲ್ ಟ್ಯಾಂಕಿನ ಹಿಂಬದಿಗೆ ಸರಿದು, ಮುಂಬದಿಯ ಪೈಪಿನ ಹತ್ತಿರ ಮಟ್ಟ ಇನ್ನೂ ಇಳಿಯುತ್ತದೆ.

ಒಂದು ಗಾಡಿಯಲ್ಲಿ ಎರಡು ದೋಷ, ಎರಡೂ ಒಂದೇ ಪೈಪಿನಲ್ಲಿ. ಜಾಲರಿ ಕಟ್ಟಿಕೊಂಡಿದ್ದಾಗ ಈ ತೂತೂ ಇತ್ತೋ ಏನೋ, ದೊಡ್ಡ ದೋಷದ ಹಿಂದೆ ಚಿಕ್ಕದು ಅಡಗಿ ಕೂತಿತ್ತು. ಹಾಸನದ ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಪೈಪ್ ಸಿಕ್ಕಿತು. ಅದನ್ನೂ ಬಕೆಟ್ ನೀರಿನಲ್ಲಿ ಊದಿ ನೋಡಿಯೇ ದುಡ್ಡು ಕೊಟ್ಟೆ. ಅಂಗಡಿಯವರು ನಕ್ಕರು, ನಗಲಿ. ಹೋಸ್, ಕ್ಲಿಪ್ಪು, ಕಾಪರ್ ವಾಷರ್, ಎರಡು ಫಿಲ್ಟರ್ ಸೇರಿ ಎಲ್ಲ ಖರ್ಚು 3,000 ದಾಟಲಿಲ್ಲ.

ಏರ್ ತೆಗೆಯುವುದು ಕಷ್ಟದ ಕೆಲಸ ಅಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ, ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂನಲ್ಲೂ ಹಾಗೆಯೇ. ಡೀಸೆಲ್ ಪೈಪನ್ನು ಜೋಡಿಸುವ ಬ್ಯಾಂಜೋ ಬೋಲ್ಟ್ ಬಿಚ್ಚಿದರೆ ಹಳೇ ಕಾಪರ್ ವಾಷರ್ ಹಾಕಬೇಡಿ. ಕೆಲವೇ ರೂಪಾಯಿಯ ವಾಷರ್ ಉಳಿಸಲು ಹೋಗಿ ಮತ್ತೆ ಗಾಳಿ ಹುಡುಕುತ್ತಾ ಕೂರಬೇಕಾಗುತ್ತದೆ.

ಕೈ ಹಾಕಿದ್ದಾಗಲೇ ಮಾಡಿದ ಸುಧಾರಣೆ

ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ, ತಳದಲ್ಲಿ ಪಾರದರ್ಶಕ ಬಟ್ಟಲಿರುವ ವಾಟರ್ ಸೆಪರೇಟರ್ (ಡೀಸೆಲ್ಲಿನಿಂದ ನೀರು ಬೇರೆ ಮಾಡುವ ಫಿಲ್ಟರ್) ಹಾಕಿದೆವು. ನಿಮ್ಮ ಇಂಜಿನ್ನಿಗಿಂತ ಚಿಕ್ಕ ಇಂಜಿನ್ನಿನದ್ದು ಹಾಕಿದರೆ ಅದೇ ಹೊಸ ಅಡಚಣೆ ಆಗುತ್ತದೆ, ನೋಡಿ ತಗೊಳ್ಳಿ. ವಾರಕ್ಕೊಮ್ಮೆ ಬಟ್ಟಲು ನೋಡಿ ನೀರು ಬಿಡುವುದು ಈಗ ಡ್ರೈವರಿನ ಕೆಲಸ.

ಇನ್ನೊಂದು ಹೆಡ್‌ಲೈಟ್. ಕಾಫಿ ಕೊಯ್ಲಿನ ಸಮಯದಲ್ಲಿ ಪೇಟೆಯ ಕ್ಯೂರಿಂಗ್‌ಗೆ (ಕಾಫಿ ಹದ ಮಾಡುವ ಕಾರ್ಖಾನೆಗೆ) ಚೀಲ ಇಳಿಸಿ ವಾಪಸ್ ಬರುವಾಗ ಕತ್ತಲೆ, ಮೇಲೆ ಮಂಜು. ಹಳೇ ಗಾಡಿಯ ಲೈಟ್ ಮಂಕು ಎಂದು ಎಲ್ಲರೂ ಜಾಸ್ತಿ ವಾಟಿನ ಬಲ್ಬ್ ಹಾಕುತ್ತಾರೆ. ಅದು ತಪ್ಪು ದಾರಿ, ಹೋಲ್ಡರ್ ಕರಗುತ್ತದೆ. ಮೊದಲು ಮೀಟರ್ ಹಿಡಿಯಿರಿ. ಇಂಜಿನ್ ಓಡುವಾಗ ನಮ್ಮ ಬ್ಯಾಟರಿಯಲ್ಲಿ 14 ವೋಲ್ಟ್ ಇತ್ತು, ಬಲ್ಬಿನಲ್ಲಿ 12ಕ್ಕಿಂತ ಕಮ್ಮಿ. ಉಳಿದದ್ದನ್ನು ಹಳೇ ಸ್ವಿಚ್ಚು, ವೈರು ತಿಂದಿದ್ದವು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ವೈರ್ ಎಳೆದು, ಡಿಮ್‌ಗೊಂದು ಬ್ರೈಟ್‌ಗೊಂದು ರಿಲೇ ಕೂರಿಸಿದೆವು. ಹಳೇ ಸ್ವಿಚ್ ಈಗ ರಿಲೇಗೆ ಸನ್ನೆ ಮಾತ್ರ ಕೊಡುತ್ತದೆ. ಬಲ್ಬ್ ಅದೇ 60/55 ವಾಟಿನದ್ದು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ದೂರ ಇಟ್ಟರೆ ನಡುವಿನ ವೈರಿಗೆ ಕಾವಲಿಲ್ಲ.

ಜಾಸ್ತಿ ಭಾರ ಹೇರಲು ಹಿಂದಿನ ಚಕ್ರದ ಸ್ಪ್ರಿಂಗಿಗೆ ಒಂದು ಪಟ್ಟಾ ಜಾಸ್ತಿ ಹಾಕಿಸಿ, ಬಾಡಿ ಎತ್ತರಿಸಿ ಎಂದು ಬಹಳ ಜನ ಹೇಳಿದರು. ಬೇಡ ಅಂದೆ. ಪಟ್ಟಾ ಸೇರಿಸಿದರೆ ಬ್ರೇಕಿಗೆ ಬಲ ಬರುವುದಿಲ್ಲ, ಇಳಿಜಾರಿನಲ್ಲಿ ಅದು ಗೊತ್ತಾಗುತ್ತದೆ. ಕಾನೂನೂ ಇದೆ. ನೋಂದಣಿಯಲ್ಲಿ ಇದ್ದದ್ದನ್ನು ಬದಲಿಸುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ) ಆಗಬೇಕು, ಪ್ರತಿ ಸಲ ಅದಕ್ಕೆ ಉತ್ತರ ಹೇಳುವವರು ಯಾರು?

ಗುಜರಿಯ ಪೈಪ್ ಹಾಕಿದ ಮೇಲೆ ಒಂದು ಪರೀಕ್ಷೆ ಬಾಕಿ ಇತ್ತು. ಡೀಸೆಲ್ ಮುಳ್ಳು ಕಾಲು ಟ್ಯಾಂಕಿಗೆ ಇಳಿಯುವ ತನಕ ಕಾದು, ಸುಣ್ಣ ತುಂಬಿ, ಶನಿವಾರವೇ ಹೊರಟೆವು. ಕ್ಯಾನಿನಲ್ಲಿ ಐದು ಲೀಟರ್ ಇಟ್ಟುಕೊಂಡಿದ್ದೆ, ಧೈರ್ಯ ಪೂರ್ತಿ ಇರಲಿಲ್ಲ. ಕೈಮರ ದಾಟಿತು, ಯಾವಾಗಲೂ ನಿಲ್ಲುತ್ತಿದ್ದ ತಿರುವೂ ದಾಟಿತು. ತೋಟದ ಗೇಟಿನಲ್ಲಿ ಬಾನೆಟ್ ಎತ್ತಿ ನೋಡಿದೆ. ಹೋಸ್‌ನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.